ಮಣಿಕಟ್ಟಿನ ಮೇಲೊಂದು ಸಂಶಯ

ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ದುಡಿಯುವ ಗುರಣ್ಣನ ಬಲಗೈಯಿಂದ ಅಂದು ಬೆಳಿಗ್ಗೆ ಚಹಾದ ಕಪ್ಪು ಜಾರಿ ಬಿತ್ತು. ಅದು ಒಡೆದದ್ದು ದೊಡ್ಡ ಮಾತಲ್ಲ. ಸಪ್ಪಳ ಪಕ್ಕದ ಮನೆಯ ಕಲ್ಲವ್ವನಿಗೆ ಕೇಳಿಸಿದ್ದೇ ಅನಾಹುತಕ್ಕೆ ಕಾರಣವಾಯಿತು.

"ಕುಡಿಯೋರ ಕೈ ಹಿಂಗ ನಡಗತಾವ. ನೋಡ್ಕೋ ಮಲಕವ್ವಾ" ಎಂದು ಬಾಗಿಲಲ್ಲೇ ನಿಂತು ಹೇಳಿದಳು.

ಮಲಕವ್ವ ಗಂಡನ ಬಾಯಿ ಮೂಸಿದಳು. ಹಲ್ಲುಪುಡಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅದರಿಂದ ಅವಳ ಸಂಶಯ ಇನ್ನಷ್ಟು ಗಟ್ಟಿಯಾಯಿತು. "ವಾಸನಿ ಬರದಂಗ ಕುಡಿಯೂದು ಯಾರು ಕಲಿಸಿದ್ರೋ ಏನೋ."

"ಮಣಿಕಟ್ಟು ಭಾಳ ನೋಯಾಕತ್ತೈತಿ" ಎಂದ ಗುರಣ್ಣನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕಾರ್ಖಾನೆಯಲ್ಲಿ ಹರಿದ ನೂಲಿಗೆ ಗಂಟು ಹಾಕಲು ಹೋದರೆ ಅವನ ಹೆಬ್ಬೆರಳು ಬಾಗಲಿಲ್ಲ. ಮಾಲಕ ಧನರಾಜಶೇಟ ಮಗ್ಗದ ಹತ್ತಿರ ಬಂದು ನಿಂತರು. "ನಿನ್ನೀತನಕ ಚಲೋ ಇದ್ದಿ. ಬ್ಯಾರೆ ಕಾರ್ಖಾನಿಯವರು ಕರದಾರೇನ?"

"ನಿನ್ನೆ ಇವಗ ಯಾರದೋ ಫೋನ್ ಬಂದಿತ್ತರಿ" ಎಂದ ಪಕ್ಕದ ಮಗ್ಗದ ಸಿದ್ರಾಮ, ಯಾರೂ ಕೇಳದಿದ್ದರೂ. ಫೋನ್ ಮಾಡಿದ್ದು ಮಲಕವ್ವ, ಹಸಿಮೆಣಸಿನಕಾಯಿ ತರಲು.

"ಡಾಕ್ಟರ್ ಚಿಠ್ಠಿ ತಗೊಂಡ ಬಾ. ಇಲ್ಲಾಂದ್ರ ಬರಲೇಬ್ಯಾಡ" ಎಂದರು ಶೇಟ.

ದವಾಖಾನೆಗೆ ಮಲಕವ್ವನೂ ಹೊರಟಳು. ಕಳ್ಳನನ್ನು ಠಾಣೆಗೆ ಒಯ್ಯುವ ಪೊಲೀಸನಂತೆ ರಿಕ್ಷಾದಲ್ಲಿ ಅವನ ತೋಳು ಹಿಡಿದೇ ಕೂತಳು.

ಡಾಕ್ಟರ್ ವೃಷಾಲಿ ಗುರಣ್ಣನನ್ನು ಕೇಳಿದರು: "ಬೆಳಿಗ್ಗೆ ಎದ್ದಾಗ ಕೈ ಬಿಗೀತಾವೇನ್ರಿ?"

ಅವನು ಬಾಯಿ ತೆರೆಯುವುದರೊಳಗೆ ಮಲಕವ್ವ ಹೇಳಿದಳು: "ಬಿಗೀತಾವ್ರಿ. ಎದ್ದು ತಾಸು ಆದ್ರೂ ಮುಷ್ಟಿ ಕಟ್ಟಾಕ ಬರೂದಿಲ್ಲ."

"ಒಂದ ಕೈಯೋ, ಎರಡೂ?"

"ಎರಡೂ. ಬೆರಳಿನ ಬುಡದ ಗಂಟು ಬಾತಿರತಾವ. ಡಬ್ಬಿ ಮುಚ್ಚಳಾ ತಗಿಯಾಕೂ ಆಗೂದಿಲ್ಲ."

ಡಾಕ್ಟರ್ ಗುರಣ್ಣನ ಬೆರಳುಗಳನ್ನು ಒತ್ತಿ ನೋಡಿದರು. "ಇವರದು ಬಾತಿಲ್ಲಲ್ಲ?"

"ಅವರದಲ್ರಿ, ನಂದು. ಎಲ್ಲಾರಿಗೂ ಹಿಂಗ ಇರತೈತಿ ಅಂತ ತಿಳದಿದ್ದೆ."

ಗುರಣ್ಣ ಹೆಂಡತಿಯ ಕೈ ನೋಡಿದ. ಗಂಟುಗಳು ನೆನೆಸಿದ ಕಡಲೆಯಂತೆ ಉಬ್ಬಿದ್ದವು. ಆ ಕೈಯ ರೊಟ್ಟಿಯನ್ನು ದಿನಾ ತಿಂದಿದ್ದ, ಕೈಯನ್ನು ನೋಡಿರಲಿಲ್ಲ.

"ಸಂಧಿವಾತ ಇರಬಹುದು ತಾಯಿ. ರಕ್ತ ತಪಾಸಣೆ ಮಾಡಿಸಿ ನೋಡೂಣು. ತಡಾ ಮಾಡಿದ್ರ ಬೆರಳು ಸೊಟ್ಟ ಆಗತಾವ. ಸದ್ಯ ನಾದೂದು, ಹಿಂಡೂದು ಬ್ಯಾಡ." ಆಮೇಲೆ ಗುರಣ್ಣನ ಮಣಿಕಟ್ಟಿಗೆ ಪಟ್ಟಿ ಸುತ್ತಿದರು. "ನಿಮ್ಮದು ಬರೇ ಸ್ನಾಯು ಎಳದೈತಿ. ಒಂದ ವಾರ ಮನ್ಯಾಗ ಆರಾಮ ಮಾಡ್ರಿ, ಚಿಠ್ಠಿ ಬರದ ಕೊಡತೀನಿ."

ಸಂಜೆ ಆ ಆರಾಮ ಶುರುವಾಯಿತು. ಗುರಣ್ಣ ಎಡಗೈಯಿಂದ ಬಡಿದ ಜೋಳದ ರೊಟ್ಟಿ ಸವೆದ ಚಪ್ಪಲಿಯ ಆಕಾರ ತಾಳಿತು. ಮಲಕವ್ವ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಗಂಡನ ಮೇಲೆ ಅವಳಿಗೆ ಎಂದೂ ಇಲ್ಲದ ಅಕ್ಕರೆ ಉಕ್ಕುತ್ತಿತ್ತು.

ಆಗ ಕಲ್ಲವ್ವ ಇಣುಕಿದಳು. ಒಲೆ ನೋಡಿದಳು, ಗುರಣ್ಣನನ್ನು ನೋಡಿದಳು, ದನಿ ತಗ್ಗಿಸಿದಳು.

"ಗಂಡಸು ತಾನಾಗೇ ರೊಟ್ಟಿ ಬಡಿತಾನಂದ್ರ, ಏನೋ ಭಾಳ ದೊಡ್ಡದು ಮಾಡ್ಯಾನ."

ಮಲಕವ್ವ ನೀರಿನಿಂದ ಕೈ ಹೊರತೆಗೆದಳು.

"ಖರೇ ಹೇಳ್ರಿ" ಎಂದಳು. "ಏನ ಮಾಡೀರಿ?"