ಗೋದಾಮಿನ ಒಂಬತ್ತು ಹಸಿರು

ದೇವರು ಗಂಡಸರಿಗೆ ಐದೇ ಬಣ್ಣ ಕೊಟ್ಟು, ಉಳಿದವನ್ನೆಲ್ಲ ಹೆಂಗಸರ ವಶಕ್ಕೆ ಒಪ್ಪಿಸಿ ಕೈ ತೊಳೆದುಕೊಂಡಿದ್ದಾನೆ ಎಂಬುದು ನನ್ನ ಬಹಳ ದಿನಗಳ ನಂಬಿಕೆ. ಕೆಂಪು, ಹಸಿರು, ಹಳದಿ, ನೀಲಿ, ಬಿಳಿ. ಇಷ್ಟರಲ್ಲೇ ನನ್ನ ಐವತ್ಮೂರು ವರ್ಷ ಸುಖವಾಗಿ ಕಳೆದಿವೆ. ಕಪ್ಪು ಎಂಬುದೊಂದಿದೆ, ಆದರೆ ಅದನ್ನು ನಾನು ಕೊಡೆಯ ಲೆಕ್ಕಕ್ಕೆ ಸೇರಿಸುತ್ತೇನೆ. ಒಮ್ಮೆ ನನ್ನ ಹೆಂಡತಿ ಸೀರೆಗೆ ಹೊಂದುವ ರವಿಕೆ ಬಟ್ಟೆ ತರಲು ನನ್ನನ್ನು ಜಮಖಂಡಿ ಪೇಟೆಗೆ ಅಟ್ಟಿದ್ದಳು. ಮೂರು ಸಲ ತಂದೆ, ಮೂರು ಸಲವೂ ವಾಪಸು ಹೋದೆ. ನಾಲ್ಕನೆಯ ಸಲ ಅಂಗಡಿಯವನೇ ನೀರು ಕೊಟ್ಟು ಕೂರಿಸಿ, ಇನ್ನು ಮೇಲೆ ಅಕ್ಕಾರನ್ನೇ ಕಳಿಸಿಬಿಡಿ ಎಂದು ಕೈಮುಗಿದ. ಇಂಥ ನಾನು ಹದಿನೆಂಟು ವರ್ಷದಿಂದ ಬನಹಟ್ಟಿಯ ಒಂದು ಸೀರೆ ಗೋದಾಮಿನ ಮ್ಯಾನೇಜರ್ ಎಂದರೆ ನೀವು ನಂಬಲಿಕ್ಕಿಲ್ಲ. ನನಗೂ ಕೆಲವು ಬೆಳಿಗ್ಗೆ ನಂಬಿಕೆ ಬರುವುದಿಲ್ಲ.

ಇಷ್ಟು ವರ್ಷ ಅದು ನಡೆದದ್ದು ಶಾಂತವ್ವನಿಂದ. ಮಗ್ಗಗಳಿಂದ ಬಂದ ಸೀರೆಗಳನ್ನು ಮಡಿಸಿ, ಗಂಟು ಕಟ್ಟಿ, ರ್ಯಾಕಿಗೆ ಸೇರಿಸುವ ಹಿರಿಯ ಹೆಂಗಸು ಅವಳು. ಓದು ಬರಹವಿಲ್ಲ. ನಾನು ಕಾಗದ ನೋಡುತ್ತಿದ್ದೆ, ಅವಳು ಸೀರೆ ನೋಡುತ್ತಿದ್ದಳು. ವ್ಯಾಪಾರಿ ಬಂದು ಯಾವುದೋ ಬಣ್ಣ ಕೇಳಿದರೆ ನಾನು ಗಂಭೀರವಾಗಿ ಕನ್ನಡಕ ಏರಿಸಿ 'ಶಾಂತವ್ವಾ' ಎನ್ನುತ್ತಿದ್ದೆ, ಸೀರೆ ಬರುತ್ತಿತ್ತು. ಇದನ್ನೇ ಆಡಳಿತವೆಂದು ನಾನು ತಿಳಿದಿದ್ದೆ.

ಹೀಗಿರುವಾಗ ನಮ್ಮ ಸಾಹುಕಾರರು ಯಾವುದೋ ಮದುವೆಗೆಂದು ಪರವೂರಿಗೆ ಹೋದವರು ಅಲ್ಲಿ ಬೀಗರ ಗೋದಾಮು ನೋಡಿ ಬಂದರು. ಅಲ್ಲಿ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಯಾವ ಮಾಲು ಯಾವ ರ್ಯಾಕಿನಲ್ಲಿದೆ, ಎಷ್ಟಿದೆ ಎಂದೆಲ್ಲ ತೋರಿಸುತ್ತದಂತೆ. ನಾವೂ ಆ ಸಾಫ್ಟ್‌ವೇರ್ ಹಾಕಿಸೋಣ, ಅದನ್ನು ನಡೆಸಲು ಕಲಿತ ಒಬ್ಬ ಹುಡುಗಿಯನ್ನೂ ಆ ಕಂಪನಿಯವರೇ ಕಳಿಸುತ್ತಾರೆ ಎಂದರು. ಆ ಹುಡುಗಿ ಎಲ್ಲಿ ಕೂರುತ್ತಾಳೆ ಎಂದು ಕೇಳಿದೆ. ಸಾಹುಕಾರರು ನನ್ನ ಕುರ್ಚಿಯ ಕಡೆ ನೋಡಿದರು. ಮಗಳ ಕೊನೆಯ ವರ್ಷದ ಕಾಲೇಜು ಬಾಕಿ ಇದೆ, ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಯಾರೂ ಕೊಡುವುದಿಲ್ಲ. ಭಯವಾಯಿತು. ಭಯದಲ್ಲಿ ಬಾಯಿ ತನಗೆ ತಾನೇ ಮಾತಾಡಿತು. ಒಂದು ತಿಂಗಳು ಕೊಡಿ, ಸಾಫ್ಟ್‌ವೇರ್ ಇಲ್ಲದೆಯೇ ಯಾರು ಬಂದು ಕೇಳಿದರೂ ಸೀರೆ ಸಿಗುವಂತೆ ಮಾಡುತ್ತೇನೆ ಎಂದುಬಿಟ್ಟೆ.

ಮೊದಲ ವಾರ ನಾನು ರ್ಯಾಕುಗಳಿಗೆಲ್ಲ ನಂಬರು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ, ನೋಡಿದವರೆಲ್ಲ ಹೊಗಳಿದರು. ಆಮೇಲೆ ಕೆಂಪೆಲ್ಲ ಒಂದು ಕಡೆ, ಹಸಿರೆಲ್ಲ ಒಂದು ಕಡೆ ಜೋಡಿಸಿದೆ. ನಮ್ಮ ಕಡೆ ಕುಬಸ ಎನ್ನುವ ಸೀಮಂತಕ್ಕೆ ಹಸಿರು ಸೀರೆಯೇ ಆಗಬೇಕಲ್ಲ, ಆದ್ದರಿಂದ ಹಸಿರಿನ ರ್ಯಾಕನ್ನು ಬಾಗಿಲ ಹತ್ತಿರವೇ ಇಟ್ಟೆ. ಜೋಡಿಸಿದ ಎರಡನೆಯ ದಿನವೇ ಮುಧೋಳದ ವ್ಯಾಪಾರಿ ಬಂದು ಗಿಣಿ ಹಸಿರು ಕೇಳಿದರು. ಹಸಿರಿನ ಮುಂದೆ ಹಸಿರು, ಅದರ ಹಿಂದೆ ಹಸಿರು. ಒಂದು ಗಂಟು ಎಳೆದು ಕೊಟ್ಟೆ. ಅದು ಎಲೆ ಹಸಿರಂತೆ. ಇನ್ನೊಂದು ಪಾಚಿ ಹಸಿರಂತೆ. ಒಟ್ಟು ಒಂಬತ್ತು ಹಸಿರುಗಳಿದ್ದವು ಎಂದು ಆವತ್ತು ನನಗೆ ತಿಳಿಯಿತು. ಶಾಂತವ್ವ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಹಸಿರೆಲ್ಲಾ ಒಂದ ಕಡೆ ಇಟ್ರ ಹಸಿರ ಸಿಗ್ತದ್ರಿ," ಎಂದಳು. "ಸೀರಿ ಸಿಗಂಗಿಲ್ಲ."

ಹಾಗಾದರೆ ನಿನ್ನ ತಲೆಯಲ್ಲಿರುವುದನ್ನೇ ಹೇಳು, ಬರೆದುಕೊಳ್ಳುತ್ತೇನೆ ಎಂದು ರಿಜಿಸ್ಟರ್ ಹಿಡಿದು ಕೂತೆ. ಅವಳ ವಿಳಾಸಗಳೇ ಬೇರೆ. ಬದನೆಕಾಯಿ ಬಣ್ಣದ್ದು ಎಲ್ಲಿದೆ ಎಂದರೆ ಕಿಟಕಿಯ ಬಿಸಿಲು ಬೀಳುತ್ತದಲ್ಲ, ಅದರ ಕೆಳಗೆ ಎಂದಳು. ನಾನು ಶ್ರದ್ಧೆಯಿಂದ 'ಬಿಸಿಲು ಬೀಳುವ ರ್ಯಾಕು' ಎಂದು ಬರೆದೆ. ಮಧ್ಯಾಹ್ನ ನೋಡಿದರೆ ಬಿಸಿಲು ಎರಡು ರ್ಯಾಕು ಆಚೆ ಸರಿದಿತ್ತು. ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಂಡರೆ ಹೇಗೆ ಎಂದು ಅದನ್ನೂ ಮಾಡಿದೆ. ಟ್ಯೂಬ್‌ಲೈಟಿನ ಕೆಳಗೆ ಒಂಬತ್ತು ಹಸಿರಿನಲ್ಲಿ ನಾಲ್ಕು ನೀಲಿಯಾಗಿ ಬಂದವು. ಮೂರನೆಯ ವಾರ ಮುಗಿಯುವ ಹೊತ್ತಿಗೆ ನನಗೆ ಊಟ ಸೇರದಂತಾಯಿತು.

ದಾರಿ ತೋರಿಸಿದವಳು ಶಾಂತವ್ವ. ಮಗ್ಗದಿಂದ ಸೀರೆ ಕತ್ತರಿಸುವಾಗ ಉಳಿಯುವ ಬಟ್ಟೆಯ ತುಂಡುಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಬಣ್ಣದ ಹೆಸರು ಬರೆಯುವುದು ಯಾಕೆ, ಬಣ್ಣವನ್ನೇ ಕಟ್ಟಿದರಾಯಿತಲ್ಲ ಎಂದಳು. ಗಂಟುಗಳನ್ನು ಬಣ್ಣಕ್ಕೊಂದು ರ್ಯಾಕಿನಂತೆ ಬೇರೆ ಮಾಡಿ, ಪ್ರತಿ ರ್ಯಾಕಿನ ಕಾಲಿಗೆ ಅದರೊಳಗಿನ ಸೀರೆಯದೇ ಒಂದು ತುಂಡು ಕಟ್ಟಿದೆವು. ಹಳೆಯ ಗಂಟು ಮುಂದೆ, ಹೊಸದು ಹಿಂದೆ. ಗಂಟಿಗೊಂದು ಚೀಟಿ ಚುಚ್ಚಿದೆವು. ಗಂಟು ಹೊರಗೆ ಹೋದರೆ ಚೀಟಿ ಡಬ್ಬಿಗೆ, ಸಂಜೆ ಡಬ್ಬಿ ತೆಗೆದರೆ ಏನು ಹೋಯಿತು, ಏನು ಉಳಿಯಿತು ಎಲ್ಲ ಗೊತ್ತಾಗುತ್ತದೆ. ಉಪಾಯ ಅವಳದು, ಚೀಟಿಯ ಅಕ್ಷರ ನನ್ನದು. ಸಾಹುಕಾರರಿಗೆ ಹೇಳುವಾಗ ಈ ಎರಡನ್ನೂ ಸ್ವಲ್ಪ ಕಲಸಿ ಹೇಳಿದೆ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ತಿಂಗಳು ತುಂಬಿದ ದಿನ ಸಾಹುಕಾರರು ಪರೀಕ್ಷೆಗೆ ಬಂದರು. ಕೈಯಲ್ಲಿ ಮನೆಯವರ ಒಂದು ಸೀರೆ, ಈರುಳ್ಳಿ ಸಿಪ್ಪೆಯ ಬಣ್ಣದ್ದಂತೆ. ನನಗೆ ಕೊಡದೆ, ಗೋದಾಮಿನ ಹೊಸ್ತಿಲನ್ನೇ ತುಳಿಯದ ತಮ್ಮ ಡ್ರೈವರನ ಕೈಗಿತ್ತು, ಇಂಥದೇ ತಾ ಎಂದರು. ಅವನು ಸೀರೆಯ ಸೆರಗನ್ನು ಒಂದೊಂದೇ ತುಂಡಿಗೆ ಹಿಡಿದು ನೋಡುತ್ತ ಹೋದ. ನಮ್ಮ ಚಹಾ ಮುಗಿಯುವುದರೊಳಗೆ ಸರಿಯಾದ ಗಂಟು ಹಿಡಿದುಕೊಂಡು ಬಂದ. ನಾನು ಎದೆಯುಬ್ಬಿಸಿ ನಿಂತೆ.

"ಭಾಳ ಛಲೋ ಆತು," ಎಂದರು ಸಾಹುಕಾರರು. "ಸಾಫ್ಟ್‌ವೇರ್ ಬ್ಯಾಡ ಬಿಡ್ರಿ." ಡಬ್ಬಿಯೊಳಗೆ ಇಣುಕಿದರು, ತುಂಡುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಯಾರ ಬಂದ್ರೂ ಸೀರಿ ಸಿಗ್ತದಂದ್ರ, ಇನ್ನ ಇಲ್ಲಿ ನಿಮ್ಮ ಕೆಲಸ ಏನ್ರಿ?"

ತಿಂಗಳಿಡೀ ಒದ್ದಾಡಿ ನನ್ನ ಕುರ್ಚಿಯ ಕಾಲನ್ನು ನಾನೇ ಕತ್ತರಿಸಿಕೊಂಡಿದ್ದೆ. ಆಗ ಮೂಲೆಯಲ್ಲಿ ಸೀರೆ ಮಡಿಸುತ್ತಿದ್ದ ಶಾಂತವ್ವ ತಲೆಯೆತ್ತದೆಯೇ ಹೇಳಿದಳು.

"ಮ್ಯಾಗಿನ ರ್ಯಾಕಿಗಿ ನನ್ನ ಕೈ ಮುಟ್ಟಂಗಿಲ್ರಿ ಸಾವಕಾರ್ರ. ಅವರು ಉದ್ದ ಅದಾರ. ಇರ್ಲಿ."

ಏಣಿ ಪಕ್ಕದ ಗೋಡೆಗೇ ಒರಗಿತ್ತು. ನಾನು ಈ ಗೋದಾಮಿಗೆ ಬರುವುದಕ್ಕಿಂತ ಮೊದಲಿನಿಂದಲೂ ಶಾಂತವ್ವ ಅದನ್ನು ಹತ್ತಿ ಇಳಿಯುತ್ತಿದ್ದಳು. ಸಾಹುಕಾರರು ಏಣಿಯನ್ನು ನೋಡಿದರು, ಶಾಂತವ್ವನನ್ನು ನೋಡಿದರು, ಹೌದಲ್ಲ ಎಂದು ಚಪ್ಪಲಿ ಮೆಟ್ಟಿ ಹೊರಟರು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು, ಮೊದಲು ಆ ಮೇಲಿನ ಗಂಟು ಇಳಿಸಿಕೊಡಿ ಎಂದಳು. ಇಳಿಸಿಕೊಟ್ಟೆ. ಅವತ್ತಿನಿಂದ ಅದನ್ನೇ ಮಾಡುತ್ತಿದ್ದೇನೆ, ಏಣಿಯನ್ನು ಯಾರೋ ಮಗ್ಗದವರು ಒಯ್ದರು. ಬಿ.ಕಾಂ. ಓದಿದವನು, ಹದಿನೆಂಟು ವರ್ಷದ ಅನುಭವಸ್ಥ, ನನ್ನ ಅಪ್ಪ ಕೊಟ್ಟ ಆರಡಿಯ ಮೇಲೆ ಸಂಬಳ ಎಣಿಸುತ್ತಿದ್ದೇನೆ. ಮನೆಯಲ್ಲಿ ಮಾತ್ರ, ಆಡಳಿತಕ್ಕೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲವೆಂದು ಸಾಹುಕಾರರು ಉಳಿಸಿಕೊಂಡರು ಎಂದು ಹೇಳಿದ್ದೇನೆ.