ಎರಡು ಹರಿಗೋಲು, ಒಬ್ಬ ಮ್ಯಾನೇಜರ್

ಸಾಣಾಪುರದ ಕೆರೆಯಲ್ಲಿ ನಮ್ಮ ಮನೆತನದ್ದೊಂದು ನೌಕಾಪಡೆ ಇದೆ. ಒಟ್ಟು ಎರಡು ಹರಿಗೋಲು! ಒಂದು ಅಪ್ಪ ಸ್ವಂತ ಕೈಯಿಂದ ಬಿದಿರು ಹೆಣೆದು ಮಾಡಿದ್ದು. ನಾನು ಹುಟ್ಟು ಹಾಕಲು ಕಲಿತದ್ದು ಅದರಲ್ಲೇ.

ಒಮ್ಮೆ ಮುಂಬಯಿಯ ಪ್ರವಾಸಿಗರೊಬ್ಬರು ಅದರಲ್ಲಿ ಕುಳಿತು, "ದೊಡ್ಡ ಹಡಗಿನ ಮನೆತನದವರು ಹಡಗನ್ನು ತಾವೇ ನಡೆಸುವುದಿಲ್ಲ. ಉಸ್ತುವಾರಿಯನ್ನು ಹೊರಗಿನವರಿಗೆ ಗುತ್ತಿಗೆ ಕೊಡುತ್ತಾರೆ" ಎಂದರು. ಅಷ್ಟೇ! ದಡ ಸೇರುವಷ್ಟರಲ್ಲಿ ನಾನು ಹಡಗಿನ ಮಾಲೀಕನಾಗಿದ್ದೆ.

ಕುಷ್ಟಗಿಯ ಶರಣಪ್ಪ, ನಿವೃತ್ತ ಬಸ್ ಕಂಡಕ್ಟರ್, ನಮ್ಮ ಮ್ಯಾನೇಜರ್ ಆದರು. ಕರಾರು ಬರೆಯುವಾಗ "ಮಾಲೀಕರು ಹುಟ್ಟು ಮುಟ್ಟತಕ್ಕದ್ದಲ್ಲ" ಎಂಬ ಸಾಲನ್ನು ಗತ್ತಿಗೆಂದು ನಾನೇ ಸೇರಿಸಿದೆ.

"ಇನ್ನ ದಿನಾ ಏನ್ ಮಾಡ್ತೀರಿ?" ಎಂದಳು ಹೆಂಡತಿ ಗೌರವ್ವ.

"ಮಾಲಕರು ಏನೂ ಮಾಡೂದಿಲ್ಲ. ಅದಕ್ಕ ಅವರಿಗೆ ಮಾಲಕರು ಅಂತಾರ!"

ಒಂದು ವಾರ ಬಂಡೆಯ ಮೇಲೆ ಮಲಗಿ ಮೋಡ ನೋಡಿದೆ. ಸ್ವರ್ಗಕ್ಕೆ ಮೂರೇ ಗೇಣು. ಎರಡನೆಯ ವಾರ ಕೈ ತುರಿಸತೊಡಗಿತು. ಅಪ್ಪನ ಹರಿಗೋಲಿನಲ್ಲಿ ಯಾರೋ ಆಳು ಹುಟ್ಟು ಹಾಕುವುದನ್ನು ಕಂಡು, ನಿಜ ಹೇಳುತ್ತೇನೆ, ಅಳು ಬಂತು. ಓಡಿ ಹೋಗಿ ಹುಟ್ಟು ಹಿಡಿದೆ.

ಪೀ...! ಶರಣಪ್ಪನವರ ಸೀಟಿ.

"ಕರಾರು ನೋಡ್ರಿ ಸಾವ್ಕಾರ್ರ."

"ನಮ್ಮಪ್ಪ ಮಾಡಿದ್ದೈತ್ರಿ ಇದು. ನನ್ನೂ ಆಳಂತ ತಗೋರಿ!"

"ಹಂಗಾರ ಪರೀಕ್ಷಾ ಕೊಡ್ರಿ. ಆಚಿ ದಂಡಿ ಮುಟ್ಟಿ ಬರ್ರಿ. ರೈಟ್!"

ಹೊರಟೆ. ತಂಪು ಗಾಳಿ, ನೀರಿನಲ್ಲಿ ಬೆಟ್ಟದ ನೆರಳು. ಕಣ್ಣು ಮುಚ್ಚಿತು. ಕೈ ಒಂದೇ ಬದಿಗೆ ಹುಟ್ಟು ಆಡಿಸುತ್ತಿತ್ತು. ಮನಸ್ಸು ನೂರು ಹರಿಗೋಲುಗಳ ಸಾಲನ್ನು ಕಡಲಿಗೆ ಇಳಿಸುತ್ತಿತ್ತು. ದಡ ತಾಕಿತು. "ಮುಟ್ಟಿದೆ!" ಎಂದು ಕೂಗಿ ಕಣ್ಣು ಬಿಟ್ಟೆ. ಎದುರಿಗೆ ಶರಣಪ್ಪ! ಹರಿಗೋಲು ಸುತ್ತು ತಿರುಗಿ ಹೊರಟಲ್ಲಿಗೇ ಬಂದಿತ್ತು.

ಆಮೇಲೆ, ದಡದಲ್ಲಿ ನಿಂತು ನೋಡುತ್ತಿದ್ದ ಗೌರವ್ವ ಸೆರಗು ಸಿಕ್ಕಿಸಿ ಹರಿಗೋಲಿಗೆ ಇಳಿದಳು. ನೆಟ್ಟಗೆ ಹೋಗಿ ನೆಟ್ಟಗೆ ಬಂದಳು. ಅಪ್ಪನ ಹರಿಗೋಲು ಅವಳ ಪಾಲಾಯಿತು.

"ಇವರಿಗೂ ಏನರೆ ಒಂದ್ ಕೆಲಸ ಕೊಡ್ರಿ ಅಣ್ಣಾರ" ಎಂದು ಅವಳೇ ಬೇಡಿಕೊಂಡಳು.

ಜನ ಕಡಿಮೆ ಇದ್ದಾಗ ಹರಿಗೋಲು ವಾಲದಂತೆ ಎದುರು ಬದಿಗೆ ಒಂದು ಕಲ್ಲು ಇಡುವುದು ನಮ್ಮ ರೂಢಿ. ಶರಣಪ್ಪ ಆ ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಆ ಕಲ್ಲು ತಗೀರಿ."

ಈಗ ಅದರ ಜಾಗದಲ್ಲಿ ನಾನಿದ್ದೇನೆ. ಅಪ್ಪನ ಹರಿಗೋಲು ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತದೆ, ಮೇಲೆ ಮೋಡ ತೇಲುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಏನೇ ಆಗಲಿ, ಕಲ್ಲಿಗಿಂತ ನಾನು ಮೇಲು ಎಂದುಕೊಂಡಿದ್ದೆ. ನಿನ್ನೆ ಗೌರವ್ವ ಹುಟ್ಟಿನಿಂದ ತಿವಿದು ಎಬ್ಬಿಸಿದಳು.

"ಕಲ್ಲಾಗಿದ್ರ ಗೊರಕಿ ಹೊಡೀತಿದ್ದಿಲ್ರಿ!"