ಮೈದುನನ ಲಂಚದ ಡಬ್ಬಿ

ಅವರೆಕಾಳು ಹಿಸುಕುತ್ತಾ ಕೂತಿದ್ದೆ, ಫೋನ್ ಬಂತು. ಯಳಂದೂರಿನಿಂದ ಮೈದುನ. "ಅತ್ತಿಗೆ, ಒಪ್ಕೊಂಡ್ರು" ಅಂದವನೇ ಇಟ್ಟುಬಿಟ್ಟ. ಬೆಟ್ಟದ ಮಾದಪ್ಪ ದೊಡ್ಡವನು. ಆವತ್ತು ಕಾಳಿನಲ್ಲಿ ಹುಳ ಇರಲಿಲ್ಲ, ನಲ್ಲಿಯಲ್ಲಿ ನೀರೂ ಬಂದಿತ್ತು, ಅದರ ಮೇಲೆ ಇದು. ಇನ್ನೇನು ಕೇಳಲಿ?

ಲಂಚದ ವಿಷಯದಲ್ಲಿ ನನ್ನ ಮೈದುನನಷ್ಟು ಪಳಗಿದವನು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ಹೌಹಾರಬೇಡಿ! ಪಳಗಿರುವುದು ತಿನ್ನುವುದರಲ್ಲಲ್ಲ, ಓದುವುದರಲ್ಲಿ. ಅವನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಗೆಸ್ಟ್ ಮೇಷ್ಟ್ರು. ಜನ ಲಂಚ ಯಾಕೆ ಕೊಡುತ್ತಾರೆ, ಯಾಕೆ ಇಸ್ಕೊಳ್ಳುತ್ತಾರೆ ಅಂತ ಆಟ ಆಡಿಸಿ ಕಂಡುಹಿಡಿಯುವುದು ಅವನ ಪಿಎಚ್‌ಡಿ. ಅದು ಸಿಕ್ಕರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಭಾನುವಾರ ಮನೆಗೆ ಬಂದರೆ ಅವನ ರೂಮಿಗೆ ಅಂತ ಸಾರು, ಪಲ್ಯ ಡಬ್ಬಿಗೆ ಹಾಕಿ ಕಳಿಸುತ್ತೇನೆ. ಮುಂದಿನ ವಾರ ಡಬ್ಬಿ ಬರಿದೇ ಬರುತ್ತದೆ. ಬರಿ ಡಬ್ಬಿ ಕೊಡಬಾರದು ಕಣಪ್ಪ, ನಾಲ್ಕು ಕಾಳು ಸಕ್ಕರೆನಾದ್ರೂ ಹಾಕಿ ಕೊಡಬೇಕು ಅಂತ ಎಷ್ಟು ಹೇಳಿದ್ದೇನೆ! "ಕೊಟ್ಟಿದ್ದಕ್ಕೆ ತಿರುಗಿ ಕೊಡೋದಿದೆಯಲ್ಲ ಅತ್ತಿಗೆ, ಲಂಚ ಮೊಳಕೆ ಒಡೆಯೋದೇ ಅಲ್ಲಿ" ಅನ್ನುತ್ತಾನೆ.

ನನ್ನ ಹರಕೆಯನ್ನೂ ಬಿಟ್ಟವನಲ್ಲ. "ನಿನಗೆ ಡಿಗ್ರಿ ಬಂದ್ರೆ ಬೆಟ್ಟ ಹತ್ತುತೀನಿ ಅಂತ ಹೇಳ್ಕೊಂಡಿದೀನಿ" ಅಂದಾಗ, "ಅದೂ ಲಂಚಾನೇ" ಅಂದ.

"ಮಾದಪ್ಪ ಕೆಲಸ ಆದ್ಮೇಲೆ ತಾನೇ ಇಸ್ಕೊಳ್ಳೋದು? ಯಾವ ಆಫೀಸಲ್ಲಿ ಹಂಗಿದೆ, ತೋರಿಸು."

ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೊರಟ.

ಆಟ ಇಷ್ಟೇ. ಒಬ್ಬರು ಆಫೀಸರು, ಇನ್ನೊಬ್ಬರು ಅರ್ಜಿದಾರರು, ನಡುವೆ ಪರದೆ. ಇಬ್ಬರಿಗೂ ಒಂದೊಂದು ಬೊಗಸೆ ಹುಣಸೆಬೀಜ. ಅರ್ಜಿದಾರರು ಮನಸ್ಸಿಗೆ ಬಂದಷ್ಟು ಬೀಜ ಡಬ್ಬಿಗೆ ಹಾಕಿ ಕಳಿಸಬೇಕು. ಆಫೀಸರು ತೆಗೆದುಕೊಳ್ಳಬಹುದು, ಹಾಗೇ ವಾಪಸ್ ಕಳಿಸಲೂಬಹುದು. ಅರ್ಜಿಗೆ ಸಹಿ ಬಿದ್ದರೆ ಅರ್ಜಿದಾರರಿಗೆ ಇನ್ನೊಂದು ಬೊಗಸೆ ಬೀಜ, ಆದರೆ ಸಹಿ ಹಾಕುವುದು ಬಿಡುವುದು ಆಫೀಸರ ಇಷ್ಟ. ಕೊನೆಗೆ ಉಳಿದ ಬೀಜಕ್ಕೆ ತಕ್ಕಷ್ಟು ಬೆಲ್ಲ.

ಮೊದಲ ಪ್ರಯೋಗ ನಮ್ಮ ನಡುಮನೆಯಲ್ಲೇ ಆಯಿತು. ಪರದೆ ನನ್ನ ಹಳೇ ಸೀರೆ, ಆಫೀಸರು ನಮ್ಮತ್ತೆ. ನನ್ನ ಡಬ್ಬಿ, ನಮ್ಮ ಯಜಮಾನರ ಡಬ್ಬಿ ಎರಡನ್ನೂ ಬಗ್ಗಿಸಿಕೊಂಡರು, ಇಬ್ಬರ ಕೆಲಸವನ್ನೂ ಮಾಡಿಕೊಡಲಿಲ್ಲ.

"ಅವ್ವ, ನೀನು ಆಫೀಸಲ್ಲಿ ಒಂದಿನ ಕೆಲಸ ಮಾಡಿದವಳಲ್ಲ. ಇದನ್ನೆಲ್ಲ ಎಲ್ಲಿ ಕಲಿತೆ?" ಅಂತ ಮೈದುನ ಕೇಳಿದ.

"ಪಿಂಚಣಿಗೆ ಅಂತ ಓಗಿ ಕಾಯ್ಕಂಡು ಕೂತಿದ್ನಲ್ಲಪ್ಪಾ, ಅಲ್ಲೇ."

ಆಮೇಲೆ ಪರದೆ, ಡಬ್ಬಿ, ಬೀಜ ಎಲ್ಲ ಬಸ್ಸು ಹತ್ತಿ ಹನೂರು ಕಡೆಯ ಹೂಗ್ಯಂ ಊರಿಗೆ ಹೋದವು. ಕೆಟ್ಟಿದ್ದೇ ಅಲ್ಲಿ. ಅಲ್ಲಿನ ಆಫೀಸರುಗಳು ಲಂಚದ ಬೀಜ ತೆಗೆದುಕೊಂಡರು. ಸರಿ. ಆದರೆ ಡಬ್ಬಿ ವಾಪಸ್ ಕಳಿಸುವಾಗ ತಮ್ಮ ಪಾಲಿನಿಂದ ಒಂದಿಷ್ಟು ಬೀಜ ಹಾಕಿ ಕಳಿಸಿದರು! ಒಬ್ಬರಲ್ಲ, ಎಲ್ಲರೂ. ಲಂಚ ತಿಂದವರೇ ಕೊಟ್ಟವರಿಗೆ ತಿರುಗಿ ಲಂಚ ಕೊಟ್ಟರೆ ಯಾವ ಅರ್ಥಶಾಸ್ತ್ರ ತಾನೇ ತಡೆದೀತು? ಇವನು ಕಂಗಾಲಾಗಿ ಅಲ್ಲೊಬ್ಬಾಕೆಯನ್ನು ಕೇಳಿದ್ದಾನೆ. ಆಕೆ ಇವನನ್ನೇ ಕನಿಕರದಿಂದ ನೋಡಿ, "ಬರೀ ಡಬ್ಬಿ ಎಂಗ್ ಕಳ್ಸದು ಸಾ? ನಿಮ್ಮನೇಲಿ ಯಾರೂ ಏಳ್ಕೊಟ್ಟಿಲ್ವಾ?" ಅಂದಳಂತೆ.

"ಹೇಳ್ಕೊಟ್ಟಿದ್ರು" ಅಂತ ಒಪ್ಪಿಕೊಂಡೇ ಬಂದ, ಪಾಪ.

ಅವನ ಗೈಡು, ಆ ಊರಿನ ಲೆಕ್ಕ ಕೈಬಿಡಿ, ಈ ವರ್ಷವೇ ಮುಗಿಯುತ್ತದೆ ಅಂದರು. ನಾನೂ ಅದನ್ನೇ ಹೇಳಿದೆ, ಕೆಲಸ ಉಳಿಯಲಿ ಅಂತ. ಇವನು ಊಟದ ತಟ್ಟೆ ಮುಂದೆ ತಲೆ ತಗ್ಗಿಸಿ ಕೂತು, "ನನಗೆ ಬೇಡದ ಉತ್ತರ ಬಂತು ಅಂತ ಎಸೆದ್ರೆ, ನನಗೆ ನಾನೇ ಲಂಚ ಕೊಟ್ಕೊಂಡ ಹಾಗಲ್ವಾ ಅತ್ತಿಗೆ?" ಅಂದ. ಹೂಗ್ಯಂ ಡಬ್ಬಿಗಳ ಮೇಲೆಯೇ ಒಂದು ಅಧ್ಯಾಯ ಬರೆದು ಸೇರಿಸಿದ. ಯೂನಿವರ್ಸಿಟಿಯವರು ಅದನ್ನು ಒಪ್ಪುತ್ತಾರೋ ಇಲ್ಲವೋ ಅಂತ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕಾದಿದ್ದೆವು. ಒಪ್ಪಿದರು.

ಫೋನ್ ಬಂದ ದಿನ ಸಂಜೆಯೇ ಮನೆಗೆ ಬಂದ. ಅತ್ತೆಯ ಕಾಲಿಗೆ ಬಿದ್ದ. ಎಂದಿನಂತೆ ಡಬ್ಬಿಯನ್ನು ಅಡುಗೆಮನೆ ಕಟ್ಟೆ ಮೇಲಿಟ್ಟ. ತೊಳೆಯೋಣ ಅಂತ ಎತ್ತಿದೆ. ಭಾರವಾಗಿತ್ತು. ಮುಚ್ಚಳ ತೆಗೆದರೆ ಒಂದು ಅಚ್ಚು ಬೆಲ್ಲ.

"ಇದು ಲಂಚ ಅಲ್ವೇನಪ್ಪಾ?"

"ಗೊತ್ತಿಲ್ಲ ಅತ್ತಿಗೆ" ಅಂದ, ಕಿಟಕಿ ಕಡೆ ನೋಡುತ್ತಾ. "ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರು ಸಿಗಲಿಲ್ಲ."

ಬೆಲ್ಲವನ್ನು ಮಾದಪ್ಪನ ಪಟದ ಮುಂದಿಟ್ಟು ಕೈಮುಗಿದೆ. ಒಲೆಯ ಮೇಲೆ ಅವರೆಬೇಳೆ ಬೆಂದಿತ್ತು. ಒಗ್ಗರಣೆಗೆ ಎಣ್ಣೆ ಕಾಯಲಿಟ್ಟೆ.